ಸೈನ್ಯ ಬಿಟ್ಟ ನಾಡಿಗೆ ಬಂಡವಾಳ ಬಂದ ಬಗೆ

2025ರ ಜುಲೈ ಕೊನೆಯ ವಾರ ಇಂಟೆಲ್ ಕಂಪನಿ ತನ್ನ ತ್ರೈಮಾಸಿಕ ಲೆಕ್ಕ ಒಪ್ಪಿಸುವಾಗ ಕೋಸ್ಟರಿಕಾದ ಹೆಸರೂ ಬಂತು. ಅಲ್ಲಿನ ಚಿಪ್ ಜೋಡಣೆ ಮತ್ತು ಪರೀಕ್ಷೆಯ ಕೆಲಸವನ್ನು ವಿಯೆಟ್ನಾಂ, ಮಲೇಷ್ಯಾಗಳ ದೊಡ್ಡ ಘಟಕಗಳ ಜೊತೆ ಸೇರಿಸುವುದಾಗಿ ಕಂಪನಿ ಹೇಳಿತು. ಕೋಸ್ಟರಿಕಾ ಈ ಸುದ್ದಿಯನ್ನು ಹಿಂದೆಯೂ ಒಮ್ಮೆ ಕೇಳಿತ್ತು. 2014ರ ಏಪ್ರಿಲ್‌ನಲ್ಲಿ ಇದೇ ಕಂಪನಿ ಇದೇ ಕೆಲಸವನ್ನು ಏಷ್ಯಾಕ್ಕೆ ಸಾಗಿಸಿದಾಗ 1,500 ಜನ ಕೆಲಸ ಕಳೆದುಕೊಂಡಿದ್ದರು. 2020ರ ಡಿಸೆಂಬರ್‌ನಲ್ಲಿ ಇಂಟೆಲ್ ಮರಳಿ ಬಂದಿತ್ತು, 35 ಕೋಟಿ ಡಾಲರ್ ಹೂಡುವ ಮಾತು ಕೊಟ್ಟಿತ್ತು. 2023ರ ಹೊತ್ತಿಗೆ ಆ ಮೊತ್ತ 120 ಕೋಟಿ ಡಾಲರ್‌ಗೆ ಏರಿತ್ತು. ಈಗ ಎರಡನೇ ಸಲ ಹೊರಟಿದೆ. ಎಂಜಿನಿಯರಿಂಗ್ ಮತ್ತು ಕಚೇರಿ ಕೆಲಸದ ಎರಡು ಸಾವಿರಕ್ಕೂ ಹೆಚ್ಚು ಮಂದಿ ಮಾತ್ರ ಅಲ್ಲೇ ಉಳಿಯುತ್ತಾರೆ.

ಕಂಪನಿ ಏಕೆ ಹೋಯಿತು ಎಂಬುದಕ್ಕೆ ಉತ್ತರ ಸುಲಭ. ಅದು ನಷ್ಟದಲ್ಲಿತ್ತು, ಎಲ್ಲ ಕಡೆ ಖರ್ಚು ಕಡಿತ ಮಾಡುತ್ತಿತ್ತು. ಏಕೆ ಬಂದಿತ್ತು, ಹೋದ ಮೇಲೂ ಏಕೆ ಮರಳಿ ಬಂದಿತ್ತು ಎಂಬುದನ್ನು ಮಾತ್ರ ಕೂತು ಯೋಚಿಸಬೇಕು. ಕೋಸ್ಟರಿಕಾದ ವಿಸ್ತೀರ್ಣ 51,100 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಕಾಲು ಭಾಗಕ್ಕಿಂತ ತುಸು ಹೆಚ್ಚು. ಜನಸಂಖ್ಯೆ ಸುಮಾರು 52 ಲಕ್ಷ, ಬೆಂಗಳೂರಿನ ಅರ್ಧವೂ ಇಲ್ಲ. ದೊಡ್ಡ ಮಾರುಕಟ್ಟೆ ಇಲ್ಲ, ತೈಲವಿಲ್ಲ, ಕೂಲಿಯೂ ಅಗ್ಗವಲ್ಲ. ಉತ್ತರಕ್ಕೆ ನಿಕರಾಗುವಾ, ದಕ್ಷಿಣಕ್ಕೆ ಪನಾಮಾ, ಎರಡು ಪಕ್ಕಗಳಲ್ಲಿ ಎರಡು ಕಡಲು. ಇಂಥ ಕಡೆಗೆ ಜಗತ್ತಿನ ದೊಡ್ಡ ದೊಡ್ಡ ವೈದ್ಯಕೀಯ ಉಪಕರಣ ಕಂಪನಿಗಳು ಸಾಲಾಗಿ ಬಂದು ಕಾರ್ಖಾನೆ ಕಟ್ಟಿವೆ. ತೆರಿಗೆ ವಿನಾಯಿತಿಗೆ ಬಂದರು ಎನ್ನುವವರಿದ್ದಾರೆ. ಆದರೆ ಅಂಥ ವಿನಾಯಿತಿಯನ್ನು ಹೊಂಡುರಾಸ್, ಎಲ್ ಸಾಲ್ವಡಾರ್, ಗ್ವಾಟೆಮಾಲಾ ಎಲ್ಲವೂ ಕೊಡುತ್ತವೆ. ಕೋಸ್ಟರಿಕಾ ತನ್ನ ಮಕ್ಕಳಿಗಾಗಿ, ತನ್ನ ರೋಗಿಗಳಿಗಾಗಿ ದಶಕಗಳ ಹಿಂದೆ ಮಾಡಿದ ಖರ್ಚೇ ಹೂಡಿಕೆದಾರರನ್ನು ಕರೆತಂದಿತು. ಆ ಖರ್ಚನ್ನು ಮಾಡುವಾಗ ಯಾವ ಹೂಡಿಕೆದಾರನೂ ಅದರ ಕಣ್ಣೆದುರು ಇರಲಿಲ್ಲ.

ಇಂಟೆಲ್ ಮೊದಲ ಸಲ ಬಂದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1990ರ ದಶಕದ ನಡುವೆ ಕಂಪನಿ ಹೊಸ ಜೋಡಣಾ ಘಟಕಕ್ಕೆ ಜಾಗ ಹುಡುಕುತ್ತಿತ್ತು. ಆರಂಭದ ಪಟ್ಟಿಯಲ್ಲಿ ಕೋಸ್ಟರಿಕಾದ ಹೆಸರೇ ಇರಲಿಲ್ಲ. 1982ರಲ್ಲಿ, ದೇಶ ವಿದೇಶಿ ಸಾಲ ತೀರಿಸಲಾಗದೆ ಕುಸಿದಿದ್ದಾಗ, ಅಮೆರಿಕದ ನೆರವಿನ ಹಣದಿಂದ ಹುಟ್ಟಿದ ಸಿಂಡೆ ಎಂಬ ಖಾಸಗಿ ಸಂಸ್ಥೆಯೊಂದಿತ್ತು. ವಿದೇಶಿ ಹೂಡಿಕೆ ತರುವುದು ಅದರ ಕೆಲಸ. ಲಾಭದ ಉದ್ದೇಶವಿಲ್ಲದ, ಸರ್ಕಾರ ಬದಲಾದರೂ ಸಿಬ್ಬಂದಿ ಬದಲಾಗದ ಸಂಸ್ಥೆ ಅದು. ಇಂಟೆಲ್‌ನ ಬಾಗಿಲು ಬಿಡದೆ ತಟ್ಟಿ ಪಟ್ಟಿಯಲ್ಲಿ ಜಾಗ ಗಿಟ್ಟಿಸಿದ್ದು ಅದೇ. ಕೊನೆಯ ಸುತ್ತಿನಲ್ಲಿ ಬ್ರೆಜಿಲ್, ಚಿಲಿ, ಮೆಕ್ಸಿಕೊ ಎದುರಾಳಿಗಳು. ಆಗ ಅಧ್ಯಕ್ಷರಾಗಿದ್ದ ಹೊಸೆ ಮರಿಯಾ ಫಿಗೆರೆಸ್ ತಾವೇ ಮಾತುಕತೆಗೆ ಕೂತರು. 1996ರ ನವೆಂಬರ್‌ನಲ್ಲಿ ಒಪ್ಪಂದ ಘೋಷಣೆಯಾಯಿತು. ರಾಜಧಾನಿ ಸಾನ್ ಹೊಸೆಯ ಬಳಿಯ ಬೆಲೆನ್‌ನಲ್ಲಿ 1998ರಲ್ಲಿ ಕಾರ್ಖಾನೆ ಶುರುವಾಯಿತು.

ಆ ಮಾತುಕತೆಯಲ್ಲಿ ಇಂಟೆಲ್ ಕೇಳಿದ್ದೆಲ್ಲ ಸಿಗಲಿಲ್ಲ ಎಂಬುದನ್ನು ಮರೆಯಬಾರದು. ಒಂದು ಕಂಪನಿಗೆಂದೇ ಪ್ರತ್ಯೇಕ ಕಾನೂನು ಮಾಡುವುದಕ್ಕೆ ಕೋಸ್ಟರಿಕಾ ಒಪ್ಪಲಿಲ್ಲ. ಯಾವ ಸವಲತ್ತು ಕೊಟ್ಟರೂ ಅದು ಅದೇ ಅರ್ಹತೆಯ ಎಲ್ಲ ಕಂಪನಿಗಳಿಗೂ ಸಿಗುವ ಸಾಮಾನ್ಯ ನಿಯಮವಾಗಿರಬೇಕು ಎಂದು ಪಟ್ಟು ಹಿಡಿಯಿತು. ಅದರ ಬದಲಿಗೆ ವಿದ್ಯುತ್ ಉಪಕೇಂದ್ರ, ಹೆಚ್ಚು ಬಳಸುವ ಉದ್ಯಮಗಳಿಗೆ ಇಳಿಸಿದ ದರ, ಕಾರ್ತಾಗೋ ನಗರದ ತಾಂತ್ರಿಕ ಸಂಸ್ಥೆಯಲ್ಲಿ ಹೊಸ ಕೋರ್ಸುಗಳು, ಹೀಗೆ ಎಲ್ಲರಿಗೂ ಉಪಯೋಗಕ್ಕೆ ಬರುವ ಕೆಲಸಗಳನ್ನು ಮಾಡಿಕೊಟ್ಟಿತು. ಹೀಗೆ ಮಾಡಿದ್ದರಿಂದಲೇ ಮುಂದೆ ಇಂಟೆಲ್ ಎದ್ದು ಹೋದಾಗ ಅದಕ್ಕಾಗಿ ಮಾಡಿದ ಏರ್ಪಾಡು ಅದರ ಜೊತೆಯೇ ಹೋಗಲಿಲ್ಲ.

ಇದಕ್ಕೆಲ್ಲ ಬುನಾದಿ ಹಾಕಿದ್ದು ಬಹಳ ಹಿಂದೆ. ಪ್ರಾಥಮಿಕ ಶಿಕ್ಷಣವನ್ನು ಉಚಿತ ಹಾಗೂ ಕಡ್ಡಾಯ ಎಂದು ಈ ದೇಶ ಘೋಷಿಸಿದ್ದು 1869ರಲ್ಲಿ. 1941ರಲ್ಲಿ ಸಾಮಾಜಿಕ ಭದ್ರತಾ ಸಂಸ್ಥೆ ಹುಟ್ಟಿತು. ಜನ ಅದನ್ನು ಕಾಹಾ ಎಂದೇ ಕರೆಯುತ್ತಾರೆ. ಆಸ್ಪತ್ರೆ, ಪಿಂಚಣಿ ಎರಡನ್ನೂ ಅದೇ ನೋಡಿಕೊಳ್ಳುತ್ತದೆ. 1948ರಲ್ಲಿ ನಡೆದ ಸಣ್ಣದಾದರೂ ರಕ್ತಸಿಕ್ತ ಅಂತರ್ಯುದ್ಧವನ್ನು ಗೆದ್ದ ಹೊಸೆ ಫಿಗೆರೆಸ್ ಫೆರ್ರೆರ್, ಅದೇ ವರ್ಷದ ಡಿಸೆಂಬರ್ 1ರಂದು ಬೆಲ್ಯಾವಿಸ್ತಾ ಸೇನಾ ಠಾಣೆಯ ಗೋಡೆಗೆ ಸುತ್ತಿಗೆಯಿಂದ ಹೊಡೆದು ಸೈನ್ಯವನ್ನೇ ರದ್ದು ಮಾಡಿದರು. ಗೆದ್ದವನು ತನ್ನ ಕೈಲಿದ್ದ ಆಯುಧವನ್ನು ತಾನೇ ಕೆಳಗಿಟ್ಟ ಇಂಥ ಉದಾಹರಣೆ ಚರಿತ್ರೆಯಲ್ಲಿ ಅಪರೂಪ. ಮರುವರ್ಷದ ಸಂವಿಧಾನದ 12ನೇ ವಿಧಿ ಅದನ್ನು ಗಟ್ಟಿ ಮಾಡಿತು. ಆ ಠಾಣೆ ಈಗ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಇಂಟೆಲ್ ಜೊತೆ ಮಾತುಕತೆಗೆ ಕೂತಿದ್ದ ಅಧ್ಯಕ್ಷ ಇದೇ ಫಿಗೆರೆಸ್‌ರ ಮಗ.

ನೆರೆಯ ಗ್ವಾಟೆಮಾಲಾ, ಎಲ್ ಸಾಲ್ವಡಾರ್, ನಿಕರಾಗುವಾಗಳಲ್ಲಿ ಸೇನಾಧಿಕಾರಿಗಳು ಅಧಿಕಾರ ಹಿಡಿದು ಲಕ್ಷಾಂತರ ಜನ ಸಾಯುತ್ತಿದ್ದ ದಶಕಗಳಲ್ಲಿ ಕೋಸ್ಟರಿಕಾದಲ್ಲಿ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಚುನಾವಣೆ ನಡೆಯಿತು. 1949ರಲ್ಲೇ ಸ್ಥಾಪನೆಯಾದ ಸರ್ಕಾರಿ ವಿದ್ಯುತ್ ಸಂಸ್ಥೆ ಹಳ್ಳಿಹಳ್ಳಿಗೆ ದೀಪ ಕೊಟ್ಟಿತು. ಇವತ್ತು ಅಲ್ಲಿನ ವಿದ್ಯುತ್ತು ಬಹುಪಾಲು ನೀರು, ಗಾಳಿ ಮತ್ತು ಭೂಮಿಯೊಳಗಿನ ಶಾಖದಿಂದ ಬರುತ್ತದೆ. 1965ರಲ್ಲಿ ಶುರುವಾದ ಐಎನ್‌ಎ ಎಂಬ ಸಂಸ್ಥೆ ಕೈಕಸುಬಿನ ತರಬೇತಿಯನ್ನು ಪುಕ್ಕಟೆ ಕೊಡುತ್ತದೆ. 1988ರಲ್ಲಿ, ಕಂಪ್ಯೂಟರ್ ಎಂಬುದು ನಮ್ಮ ಬಹುತೇಕ ಕಾಲೇಜುಗಳಿಗೂ ಕಾಲಿಡದಿದ್ದ ಕಾಲದಲ್ಲಿ, ಓಮರ್ ದೆಂಗೋ ಪ್ರತಿಷ್ಠಾನ ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಲೋಗೋ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿಸತೊಡಗಿತು. ಇಂಟೆಲ್ ಬಂದು ನೌಕರರನ್ನು ಹುಡುಕುವ ಹೊತ್ತಿಗೆ ಆ ಮಕ್ಕಳು ದೊಡ್ಡವರಾಗುತ್ತಿದ್ದರು.

ವಿದೇಶಿ ಬಂಡವಾಳದ ಇನ್ನೊಂದು ಮುಖವನ್ನೂ ಈ ದೇಶ ಕಂಡಿದೆ. 1871ರಲ್ಲಿ ಕಾಫಿಯನ್ನು ಕೆರಿಬಿಯನ್ ಬಂದರಿಗೆ ಸಾಗಿಸಲು ರೈಲುಹಾದಿಯ ಕೆಲಸ ಶುರುವಾಯಿತು. ದುಡ್ಡು ಮುಗಿದಾಗ ಅಮೆರಿಕದ ಮೈನರ್ ಕೀತ್ ಎಂಬಾತ ಅದನ್ನು ಮುಗಿಸಿಕೊಡಲು ಒಪ್ಪಿದ. 1884ರ ಒಪ್ಪಂದದ ಪ್ರಕಾರ ಅವನಿಗೆ ಸಿಕ್ಕಿದ್ದು 8 ಲಕ್ಷ ಎಕರೆ ನೆಲ ಮತ್ತು ರೈಲಿನ ಮೇಲೆ 99 ವರ್ಷಗಳ ಹಕ್ಕು. ಜ್ವರಕ್ಕೂ ದುಡಿಮೆಗೂ ಸಾವಿರಾರು ಕೂಲಿಗಳು ಸತ್ತರು. ಹಳಿಯ ಪಕ್ಕ ನೆಟ್ಟ ಬಾಳೆಯಿಂದ 1899ರಲ್ಲಿ ಯುನೈಟೆಡ್ ಫ್ರೂಟ್ ಕಂಪನಿ ಎದ್ದು ನಿಂತಿತು. ಲಿಮೋನ್ ಪ್ರಾಂತ್ಯದಲ್ಲಿ ಅಂಗಡಿ, ಬಂದರು, ರೈಲು, ಕೂಲಿ ಎಲ್ಲವೂ ಕಂಪನಿಯದೇ. 1934ರಲ್ಲಿ ಅಲ್ಲಿನ ತೋಟದ ಕಾರ್ಮಿಕರು ಭಾರೀ ಮುಷ್ಕರ ಹೂಡಿದರು. ಆ ಮುಷ್ಕರದ ಮುಂದಾಳು ಕಾರ್ಲೋಸ್ ಲೂಯಿಸ್ ಫಯ್ಯಾಸ್ 1941ರಲ್ಲಿ ಬರೆದ ಕಾದಂಬರಿ 'ಮಮೀತಾ ಯುನಾಯ್' ಆ ಬದುಕನ್ನು ಜಗತ್ತಿಗೆ ಕಾಣಿಸಿತು. ಬಾಳೆಗೆ ರೋಗ ಬಂದಾಗ ಕಂಪನಿ ಪೆಸಿಫಿಕ್ ಕರಾವಳಿಗೆ ಜಿಗಿಯಿತು. 1980ರ ದಶಕದ ನಡುವೆ ಅಲ್ಲಿಂದಲೂ ಎದ್ದುಹೋದಾಗ ಗೊಲ್ಫಿತೊ ಎಂಬ ಬಂದರು ಪಟ್ಟಣಕ್ಕೆ ದಿಕ್ಕೇ ಇಲ್ಲವಾಯಿತು. ಅದನ್ನು ಬದುಕಿಸಲು ಸರ್ಕಾರ ಸುಂಕವಿಲ್ಲದ ಅಂಗಡಿ ಸಾಲನ್ನು ತೆರೆಯಬೇಕಾಯಿತು.

ಗೊಲ್ಫಿತೊ ಮತ್ತು ಬೆಲೆನ್ ಎರಡೂ ಊರುಗಳಿಂದ ದೊಡ್ಡ ಕಂಪನಿ ಹೊರಟುಹೋಯಿತು. ಒಂದು ಊರು ಮಲಗಿತು, ಇನ್ನೊಂದು ನಿಂತುಕೊಂಡಿತು. ಬಾಳೆ ಕಂಪನಿ ಜನರಿಂದ ಅವರ ತೋಳಿನ ಬಲವನ್ನು ಮಾತ್ರ ಕೇಳಿತ್ತು. ಚಿಪ್ ಕಂಪನಿಗೆ ಓದಿದವರು ಬೇಕಿತ್ತು, ಆ ಓದು ಮೊದಲೇ ಇತ್ತು. 2014ರಲ್ಲಿ ಇಂಟೆಲ್ ಹೊರಟಾಗ ದೇಶದ ರಫ್ತಿನ ಐದನೇ ಒಂದು ಭಾಗ ಅದರದೇ ಆಗಿತ್ತು. ಅದೇ ದಿನಗಳಲ್ಲಿ ಬ್ಯಾಂಕ್ ಆಫ್ ಅಮೆರಿಕವೂ ಸುಮಾರು ಅಷ್ಟೇ ಜನರನ್ನು ಬಿಡುವುದಾಗಿ ಹೇಳಿತ್ತು. ದೇಶ ಮುಳುಗಿತೆಂದೇ ಹಲವರು ಬರೆದರು. ಆದರೆ ಶುಚಿಯಾದ ಕೋಣೆಯಲ್ಲಿ, ಕೂದಲೆಳೆಯಷ್ಟು ತಪ್ಪಿಗೂ ಎಡೆಯಿಲ್ಲದಂತೆ ಕೆಲಸ ಮಾಡಬಲ್ಲ ಕೈಗಳಿಗೆ ಬೇರೆ ಗಿರಾಕಿ ಆಗಲೇ ಬಂದಿದ್ದರು. ಬ್ಯಾಕ್ಸ್‌ಟರ್ 1987ರಿಂದಲೇ ಅಲ್ಲಿತ್ತು. 2004ರಲ್ಲಿ ಬೋಸ್ಟನ್ ಸೈಂಟಿಫಿಕ್ ಬಂತು. ಆಬಟ್, ಮೆಡ್‌ಟ್ರಾನಿಕ್, ಎಡ್ವರ್ಡ್ಸ್ ಲೈಫ್‌ಸೈನ್ಸಸ್ ಕೂಡ ಇಲ್ಲಿ ಘಟಕ ತೆರೆದಿವೆ. ಅಲಹುಯೇಲಾ ಬಳಿಯ, ತೆರಿಗೆ ವಿನಾಯಿತಿ ಇರುವ ಕೊಯೋಲ್ ಮುಕ್ತ ವಲಯದ ಕಾರ್ಖಾನೆಗಳಲ್ಲಿ ಹೃದಯದ ರಕ್ತನಾಳಕ್ಕೆ ತೂರಿಸುವ ಕೊಳವೆಯಂಥ ವಸ್ತುಗಳು ತಯಾರಾಗುತ್ತವೆ. ಬಾಳೆ, ಅನಾನಸ್, ಕಾಫಿಗೆ ಹೆಸರಾಗಿದ್ದ ದೇಶ ಇಂದು ಹೊರಗೆ ಕಳಿಸುವ ಸರಕಿನ ಬೆಲೆಯಲ್ಲಿ ಸುಮಾರು ಐದರಲ್ಲಿ ಎರಡು ಪಾಲು ವೈದ್ಯಕೀಯ ಉಪಕರಣಗಳದ್ದು.

ಕಚೇರಿ ಕೆಲಸದ ಕಂಪನಿಗಳೂ ಬಂದವು. ಪ್ರಾಕ್ಟರ್ ಅಂಡ್ ಗ್ಯಾಂಬಲ್ 1999ರಲ್ಲೇ ತನ್ನ ಲೆಕ್ಕಪತ್ರದ ಕೇಂದ್ರವನ್ನು ಇಲ್ಲಿ ತೆರೆಯಿತು. ಬೆಂಗಳೂರಿನ ಇನ್ಫೋಸಿಸ್‌ನ ಬಿಪಿಎಂ ವಿಭಾಗಕ್ಕೂ ಇಲ್ಲೊಂದು ಕಚೇರಿಯಿದೆ. ಇಲ್ಲಿನ ಗಡಿಯಾರ ಅಮೆರಿಕದ ಗಡಿಯಾರದ ಜೊತೆಜೊತೆಗೇ ನಡೆಯುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಹುಡುಗ ರಾತ್ರಿ ಎಚ್ಚರವಿದ್ದು ಮಾಡುವ ಕೆಲಸವನ್ನು ಇಲ್ಲಿಯವರು ಹಗಲಲ್ಲೇ ಮಾಡಬಲ್ಲರು.

ಹೂಡಿಕೆದಾರರಿಗೆ 'ಬನ್ನಿ' ಎನ್ನುವುದು ಯಾವ ಸರ್ಕಾರಕ್ಕೂ ಬರುತ್ತದೆ, 'ಬೇಡ' ಎನ್ನಲು ಧೈರ್ಯ ಬೇಕು. ಕೋಸ್ಟರಿಕಾ ಅದನ್ನೂ ಹೇಳಿದೆ. ಲಿಮೋನ್ ಕರಾವಳಿಯ ಆಚೆ ಕಡಲಲ್ಲಿ ತೈಲ ಹುಡುಕಲು ಹೊರಟ ಅಮೆರಿಕದ ಹಾರ್ಕೆನ್ ಕಂಪನಿಗೆ 2002ರಲ್ಲಿ ಪರಿಸರದ ಪರವಾನಗಿ ಸಿಗಲಿಲ್ಲ. ಮರುವರ್ಷ ಅದು ಕೇಳಿದ ಪರಿಹಾರ 5,700 ಕೋಟಿ ಡಾಲರ್, ದೇಶ ಇಡೀ ವರ್ಷ ದುಡಿದು ಗಳಿಸುವ ಮೊತ್ತಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಂತರರಾಷ್ಟ್ರೀಯ ಪಂಚಾಯಿತಿಗೆ ಬರಲು ಸರ್ಕಾರ ಒಪ್ಪಲಿಲ್ಲ, ಕಂಪನಿ ಆ ಅರ್ಜಿಯನ್ನು ಹಿಂದಕ್ಕೆ ಪಡೆಯಿತು. ನಿಕರಾಗುವಾ ಗಡಿಯ ಕ್ರುಸಿತಾಸ್‌ನಲ್ಲಿ ಚಿನ್ನ ತೆಗೆಯಲು ಬಂದ ಕೆನಡಾದ ಇನ್‌ಫಿನಿಟೊ ಗೋಲ್ಡ್ ಕಂಪನಿಯ ಪರವಾನಗಿಯನ್ನು 2010ರಲ್ಲಿ ನ್ಯಾಯಾಲಯ ರದ್ದು ಮಾಡಿತು. ಅದೇ ವರ್ಷ ಶಾಸನಸಭೆ ತೆರೆದ ಗಣಿಗಾರಿಕೆಯನ್ನೇ ನಿಷೇಧಿಸಿತು. ಕಂಪನಿ ದಾವೆ ಹೂಡಿತು. 2021ರಲ್ಲಿ ಬಂದ ತೀರ್ಪು ದೇಶದ ನಡೆಯಲ್ಲಿ ತಪ್ಪು ಕಂಡರೂ ಬಿಡಿಗಾಸು ಪರಿಹಾರ ಕೊಡಿಸಲಿಲ್ಲ. ಇಷ್ಟೆಲ್ಲ ಆದರೂ ವೈದ್ಯಕೀಯ ಉಪಕರಣದ ಕಂಪನಿಗಳು ಹೆದರಿ ಓಡಲಿಲ್ಲ. ಕಾನೂನಿನ ದಾರಿಯಲ್ಲಿ, ಕಾರಣ ಕೊಟ್ಟು 'ಬೇಡ' ಎನ್ನುವ ದೇಶವನ್ನು ನಂಬಬಹುದು ಎಂದು ಅವುಗಳಿಗೆ ಅನ್ನಿಸಿರಬೇಕು.

ಇದಕ್ಕೆ ವಿರುದ್ಧವಾದ ದಾರಿ ಹಿಡಿದದ್ದು ಹೊಂಡುರಾಸ್. 2013ರಲ್ಲಿ ಅದು ಹೂಡಿಕೆದಾರರಿಗೆ ತಮ್ಮದೇ ನಿಯಮ, ತಮ್ಮದೇ ತೆರಿಗೆ, ತಮ್ಮದೇ ನ್ಯಾಯ ವ್ಯವಸ್ಥೆ ಇರುವ ವಲಯಗಳನ್ನು ಬಿಟ್ಟುಕೊಡುವ ಕಾನೂನು ಮಾಡಿತು. ರೋವಟಾನ್ ದ್ವೀಪದಲ್ಲಿ ಪ್ರೊಸ್ಪೆರಾ ಎಂಬ ಖಾಸಗಿ ಪಟ್ಟಣ ತಲೆಯೆತ್ತಿತು. ಜನ ಬೀದಿಗಿಳಿದರು, ಸರ್ಕಾರ ಬದಲಾಯಿತು, 2022ರಲ್ಲಿ ಕಾನೂನು ರದ್ದಾಯಿತು. ಈಗ ಅದೇ ಕಂಪನಿ ಸುಮಾರು 1,070 ಕೋಟಿ ಡಾಲರ್ ಪರಿಹಾರ ಕೇಳುತ್ತಿದೆ. ಎಲ್ ಸಾಲ್ವಡಾರ್ 2021ರಲ್ಲಿ ಬಿಟ್‌ಕಾಯಿನ್ ಅನ್ನು ಅಧಿಕೃತ ಹಣವೆಂದು ಸಾರಿ ಜಗತ್ತಿನ ಗಮನ ಸೆಳೆಯಿತು. 2025ರ ಜನವರಿಯಲ್ಲಿ, ಐಎಂಎಫ್ ಸಾಲಕ್ಕಾಗಿ, ಅದನ್ನು ಒಪ್ಪಿಕೊಳ್ಳುವುದು ಕಡ್ಡಾಯವಲ್ಲ ಎಂದು ಕಾನೂನು ತಿದ್ದಿತು. ತಾನು ನಾಲ್ಕು ದಶಕ ಕಾದು ಪಡೆದದ್ದನ್ನು ನೆರೆಯವರು ಒಂದು ಮಸೂದೆಯಲ್ಲಿ ಪಡೆಯಲು ಹೊರಟದ್ದನ್ನು ಕೋಸ್ಟರಿಕಾ ನೋಡುತ್ತಲೇ ಇತ್ತು.

ಆದರೆ ಅದೇ ಕೋಸ್ಟರಿಕಾ ಈಗ ತನ್ನ ಬೇರಿಗೆ ತಾನೇ ನೀರು ನಿಲ್ಲಿಸುತ್ತಿದೆ. ಶಿಕ್ಷಣಕ್ಕೆ ರಾಷ್ಟ್ರೀಯ ಉತ್ಪನ್ನದ ಶೇ 8ರಷ್ಟು ಹಣ ಇಡಲೇಬೇಕು ಎಂದು ಅದರ ಸಂವಿಧಾನ ಹೇಳುತ್ತದೆ. 2011ರ ತಿದ್ದುಪಡಿ ಅದು, 2014ರಿಂದ ಜಾರಿಗೆ ಬರಬೇಕಿತ್ತು. ಯಾವ ಸರ್ಕಾರವೂ ಆ ಎಂಟನ್ನು ಮುಟ್ಟಲಿಲ್ಲ. ಇತ್ತೀಚಿನ ವರ್ಷಗಳಲ್ಲಂತೂ ಅದು ಇಳಿಯುತ್ತಲೇ ಬಂದಿದೆ. 2018ರಲ್ಲಿ ಶಿಕ್ಷಕರ ದೀರ್ಘ ಮುಷ್ಕರ, ಆಮೇಲೆ ಕೋವಿಡ್. ಶಿಕ್ಷಣದ ಸ್ಥಿತಿಗತಿಯ ಕುರಿತ ದೇಶದ ಪ್ರತಿಷ್ಠಿತ ವರದಿ 2021ರಲ್ಲಿ ಇದನ್ನು 'ಶಿಕ್ಷಣದ ಕತ್ತಲು' ಎಂದು ಕರೆಯಿತು. ಶಾಲೆಗಳಿಗೆ ಕಂಪ್ಯೂಟರ್ ಕಲಿಸುತ್ತಿದ್ದ ಓಮರ್ ದೆಂಗೋ ಪ್ರತಿಷ್ಠಾನದ ಜೊತೆಗಿನ ದಶಕಗಳ ನಂಟನ್ನೂ ಸರ್ಕಾರ ಕಡಿದುಕೊಂಡಿದೆ. 2023ರಲ್ಲಿ ರೊದ್ರಿಗೊ ಚಾವೆಸ್ ಸರ್ಕಾರ ಸಿಂಡೆ ಜೊತೆಗಿನ ಒಪ್ಪಂದವನ್ನು ಕೊನೆಗೊಳಿಸಿ ಹೂಡಿಕೆ ತರುವ ಕೆಲಸವನ್ನು ಸರ್ಕಾರಿ ಸಂಸ್ಥೆಗೇ ವಹಿಸಿತು. ಸಿಂಡೆಯನ್ನು ಕೈಬಿಟ್ಟದ್ದರ ಬಗ್ಗೆ ವಾದಕ್ಕೆ ಎಡೆಯಿದೆ. ಸರ್ಕಾರಿ ಸಂಸ್ಥೆಯೂ ಆ ಕೆಲಸವನ್ನು ಚೆನ್ನಾಗಿ ಮಾಡಬಹುದು. ಶಾಲೆಯ ಹಣ ಕಡಿತಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ. ಇಂಟೆಲ್ ಹೋದರೆ ಇನ್ನೊಂದು ಕಂಪನಿ ಬಂದೀತು. ಒಂದು ಪೀಳಿಗೆಯ ಕಲಿಕೆ ಹೋದರೆ ಅದನ್ನು ಹೊರಗಿನಿಂದ ತರಿಸಿಕೊಳ್ಳಲು ಆಗುವುದಿಲ್ಲ.

ಇನ್ನೊಂದು ಬಿರುಕು ಇನ್ನೂ ಹಳೆಯದು. ಮುಕ್ತ ವಲಯಗಳು ಬಹುತೇಕ ಸಾನ್ ಹೊಸೆಯ ಸುತ್ತಲಿನ ಮಧ್ಯ ಕಣಿವೆಯಲ್ಲೇ ಇವೆ. ಅದರೊಳಗೆ ಇಂಗ್ಲಿಷ್ ಬಲ್ಲ, ಒಳ್ಳೆಯ ಸಂಬಳದ ದುಡಿಮೆ. ಅದರ ಹೊರಗೆ ಲಿಮೋನ್, ಪುಂತಾರೆನಾಸ್‌ನಂಥ ಕಡಲತೀರದ ಪ್ರಾಂತ್ಯಗಳಲ್ಲಿ ನಿರುದ್ಯೋಗ. ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಇಸಿಡಿ ಕೂಟಕ್ಕೆ 2021ರಲ್ಲಿ ಸೇರಿದ ಕೋಸ್ಟರಿಕಾ, ಆದಾಯದ ಅಸಮಾನತೆಯಲ್ಲಿ ಆ ಕೂಟದ ಮುಂಚೂಣಿಯಲ್ಲಿದೆ. ಬಾಳೆ ಕಂಪನಿ ಬಿಟ್ಟುಹೋದ ಲಿಮೋನ್‌ನ ಬಂದರು ಈಗ ಮಾದಕವಸ್ತು ಸಾಗಿಸುವವರ ಕಣ್ಣಿಗೆ ಬಿದ್ದಿದೆ. ಕೆಲಸವಿಲ್ಲದ ಹುಡುಗರು ಅವರ ಕೈಗೆ ಸುಲಭವಾಗಿ ಸಿಗುತ್ತಾರೆ. 2023ರಲ್ಲಿ ದೇಶದಲ್ಲಿ ಒಂಬತ್ತು ನೂರಕ್ಕೂ ಹೆಚ್ಚು ಕೊಲೆಗಳಾದವು. ಹಿಂದೆಂದೂ ಒಂದು ವರ್ಷದಲ್ಲಿ ಅಷ್ಟು ಆಗಿರಲಿಲ್ಲ. ಸೈನ್ಯವಿಲ್ಲದೆ ಶಾಂತಿಯಿಂದ ಬಾಳಿದ ಹೆಮ್ಮೆಯನ್ನೇ ಹೂಡಿಕೆದಾರರ ಮುಂದಿಡುವ ನಾಡಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ.

ಹಾಗಾದರೆ ಶಾಲೆಗೆ ದುಡ್ಡು ಎಲ್ಲಿಂದ? ಇಲ್ಲಿಯೇ ಮುಕ್ತ ವಲಯದ ಲೆಕ್ಕವನ್ನು ತೆರೆದು ನೋಡಬೇಕು. ಸ್ಥಳೀಯ ಕಂಪನಿಯ ಮೇಲಿನ ಆದಾಯ ತೆರಿಗೆ ಶೇ 30. ವಲಯದೊಳಗಿನ ಕಂಪನಿಗೆ ಮೊದಲ ಹಲವು ವರ್ಷ ಅದು ಇಲ್ಲವೇ ಇಲ್ಲ ಅಥವಾ ತೀರ ಕಡಿಮೆ. ಮತ್ತೆ ಹೂಡಿಕೆ ಮಾಡಿದರೆ ಆ ವಿನಾಯಿತಿ ಮುಂದುವರಿಯುತ್ತದೆ. ಈ ಕಂಪನಿಗಳು ಏನೂ ಕೊಡುವುದಿಲ್ಲ ಎನ್ನುವುದು ಸುಳ್ಳು. ಕಾಹಾ ಮತ್ತಿತರ ನಿಧಿಗಳಿಗೆ ಪ್ರತಿ ನೌಕರನ ಸಂಬಳದ ಮೇಲೆ ಕಾಲು ಭಾಗದಷ್ಟು ವಂತಿಗೆಯನ್ನು ಅವೂ ಕಟ್ಟುತ್ತವೆ, ಅದರಲ್ಲಿ ರಿಯಾಯಿತಿಯಿಲ್ಲ. ಆಸ್ಪತ್ರೆಗೆ ಅವು ಹಣ ಕೊಡುತ್ತಿವೆ. ಶಾಲೆಗೆ ಮಾತ್ರ, ತಮಗೆ ಬೇಕಾದ ನೌಕರರನ್ನು ತಯಾರಿಸುವ ಅದೇ ಶಾಲೆಗೆ, ಲಾಭದ ಪಾಲಿನಿಂದ ಬರುವುದು ಬಹಳ ಕಡಿಮೆ.

2021ರ ಅಕ್ಟೋಬರ್‌ನಲ್ಲಿ 130ಕ್ಕೂ ಹೆಚ್ಚು ದೇಶಗಳು ದೊಡ್ಡ ಬಹುರಾಷ್ಟ್ರೀಯ ಕಂಪನಿಗಳ ಮೇಲೆ ಕನಿಷ್ಠ ಶೇ 15 ತೆರಿಗೆ ಹಾಕಲು ಒಪ್ಪಿದಾಗ ಒಂದು ದಾರಿ ಕಾಣಿಸಿತ್ತು. ಕೋಸ್ಟರಿಕಾ ಬಿಟ್ಟುಕೊಟ್ಟ ತೆರಿಗೆಯನ್ನು ಇನ್ನೊಂದು ದೇಶ ವಸೂಲಿ ಮಾಡುವುದಾದರೆ ತಾನೇ ವಸೂಲಿ ಮಾಡಬಹುದಲ್ಲ ಎಂಬ ವಾದಕ್ಕೆ ಬಲ ಬಂದಿತ್ತು. 2025ರ ಜೂನ್‌ನಲ್ಲಿ ಜಿ7 ದೇಶಗಳು ಅಮೆರಿಕದ ಕಂಪನಿಗಳನ್ನು ಆ ಕಟ್ಟುಪಾಡಿನ ಮುಖ್ಯ ಭಾಗದಿಂದ ಹೊರಗಿಡುವುದಕ್ಕೆ ಸಮ್ಮತಿಸಿದವು. ಕೋಸ್ಟರಿಕಾದ ಮುಕ್ತ ವಲಯಗಳಲ್ಲಿರುವವು ಹೆಚ್ಚಾಗಿ ಅಮೆರಿಕದ ಕಂಪನಿಗಳೇ. ಅಲ್ಲಿಗೆ ಹೊರಗಿನಿಂದ ಬರಬಹುದಾಗಿದ್ದ ಬಲ ಕುಗ್ಗಿತು. ಅದರ ಮೇಲೆ ವಾಷಿಂಗ್ಟನ್ ಈ ಪುಟ್ಟ ದೇಶದ ಸರಕಿನ ಮೇಲೆ ಹೆಚ್ಚುವರಿ ಸುಂಕವನ್ನೂ ಹೇರಿತು.

ಇನ್ನು ಉಳಿದಿರುವುದು 1996ರಲ್ಲಿ ಇಂಟೆಲ್ ಎದುರು ತೋರಿಸಿದ ಅದೇ ಗಟ್ಟಿತನ. ವಿನಾಯಿತಿಯ ಅವಧಿ ಮುಗಿದು ನವೀಕರಣಕ್ಕೆ ಬರುವ ಪ್ರತಿ ಕಂಪನಿಯ ಮುಂದೆಯೂ, ಯಾರಿಗೂ ವಿಶೇಷವಿಲ್ಲದ ಒಂದೇ ನಿಯಮವನ್ನು ಸಾನ್ ಹೊಸೆ ಇಡಬೇಕು: ಲಾಭದಲ್ಲಿ ಒಂದು ನಿಗದಿತ ಪಾಲು ಲಿಮೋನ್, ಪುಂತಾರೆನಾಸ್, ಗುವಾನಾಕಾಸ್ತೆ ಪ್ರಾಂತ್ಯಗಳ ಸರ್ಕಾರಿ ಶಾಲೆಗಳ ಇಂಗ್ಲಿಷ್ ಮತ್ತು ಗಣಿತದ ಮೇಷ್ಟರುಗಳಿಗೆ, ಐಎನ್‌ಎ ತರಬೇತಿ ಕೇಂದ್ರಗಳಿಗೆ ಹೋಗಬೇಕು. ಕೆಲವು ಕಂಪನಿಗಳು ಮುಖ ತಿರುಗಿಸಿಯಾವು. ಆದರೆ ಹೃದಯದ ಕೊಳವೆ ಮಾಡುವ ಕಾರ್ಖಾನೆಯನ್ನು ಕಿತ್ತು ಇನ್ನೊಂದು ದೇಶಕ್ಕೆ ಒಯ್ಯುವುದು ಸುಲಭವಲ್ಲ. ಪ್ರತಿ ಹೊಸ ಜಾಗಕ್ಕೂ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ ಬೇಕು, ಪಳಗಿದ ಸಾವಿರಾರು ಕೈಗಳು ಬೇಕು. ಕೊಯೋಲ್‌ನ ಕಂಪನಿಗಳಿಗೆ ಇದು ಗೊತ್ತು. ಸರ್ಕಾರಕ್ಕೂ ಗೊತ್ತಿರಬೇಕು. ಚೌಕಾಸಿಗೆ ಕೂರುವಷ್ಟು ಬಲ ಈಗಲೂ ಆ ದೇಶದ ಕೈಯಲ್ಲಿದೆ. ಇಂದು ಒಂದನೇ ತರಗತಿಗೆ ಸೇರುವ ಲಿಮೋನ್‌ನ ಮಗು ಕೆಲಸ ಹುಡುಕುವ ವಯಸ್ಸಿಗೆ ಬರಲು ಹನ್ನೆರಡು ವರ್ಷ ಬೇಕು. ಆ ಹೊತ್ತಿಗೆ ಕಂಪನಿಗಳು ಏನನ್ನು ಕೇಳಿಕೊಂಡು ಬರುತ್ತವೋ ಅದನ್ನು ಕಲಿಸುವ ಮೇಷ್ಟರನ್ನು ಈ ವರ್ಷದ ಬಜೆಟ್ಟಿನಲ್ಲೇ ನೇಮಿಸಬೇಕು.